ತುಂಬಿ ಹರಿಯುವ ಮುನ್ನ ತೆಗೆಸಿ

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದಾಗ, 2018ರಲ್ಲಿ ಅಲ್ಲಿ ಬೆಂಕಿ ಹೊತ್ತಿಕೊಂಡಾಗ, ನಾವೆಲ್ಲ ಸರ್ಕಾರವನ್ನು ಬೈದೆವು. ಬೈಯಬೇಕಾದದ್ದೇ. ಆದರೆ ಒಳಚರಂಡಿ ಬಾರದ ಬಡಾವಣೆಗಳಲ್ಲಿ ಕೆರೆಯ ಆರೋಗ್ಯ ಶುರುವಾಗುವುದು ನಮ್ಮ ಮನೆಯ ಸೆಪ್ಟಿಕ್ ಟ್ಯಾಂಕಿನಿಂದಲೇ.

ಟ್ಯಾಂಕಿನ ಕೆಲಸ ಸರಳ: ಗಟ್ಟಿ ತಳಕ್ಕೆ, ಜಿಡ್ಡು ಮೇಲಕ್ಕೆ, ನಡುವಿನ ನೀರು ಹೊರಕ್ಕೆ. ಆ ನೀರೂ ಶುದ್ಧವಲ್ಲ, ಇಂಗುಗುಂಡಿಗೇ ಹೋಗಬೇಕು. ಮಳೆನೀರಿನ ಮೋರಿಗೆ ಪೈಪ್ ಕೊಟ್ಟರೆ ರಾಜಕಾಲುವೆ ಹಿಡಿದು ಕೆರೆ ಸೇರುತ್ತದೆ. ಅದರಲ್ಲಿರುವ ಸಾರಜನಕ, ರಂಜಕ ಉಂಡು ಪಾಚಿ, ಕಳೆ ಕೊಬ್ಬುತ್ತವೆ.

"ಹತ್ತು ವರ್ಷವಾಯ್ತು, ಒಮ್ಮೆಯೂ ತೆಗೆಸಿಲ್ಲ" ಎಂದು ಬೀಗುವವರಿದ್ದಾರೆ. ಬೀಗುವಂಥದ್ದೇನಿಲ್ಲ ಸ್ವಾಮಿ! ಒಂದೋ ಟ್ಯಾಂಕ್ ಸೋರುತ್ತಿದೆ, ಇಲ್ಲವೇ ಹೂಳೇ ನೀರಿನ ಜೊತೆ ಹೊರಗೆ ಹೊರಟಿದೆ. ಎರಡು–ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ. ಗಾಡಿಯವರು ಪೂರ್ತಿ ಬಳಿದು ತೊಳೆಯುವುದು ಬೇಡ; ತಳದಲ್ಲಿ ಸ್ವಲ್ಪ ಉಳಿದರೆ ಸೂಕ್ಷ್ಮಾಣುಗಳು ಮತ್ತೆ ಬೇಗ ಕೆಲಸಕ್ಕಿಳಿಯುತ್ತವೆ. ದಿನವೂ ಆಸಿಡ್ ಸುರಿದರೆ ಅವು ಸಾಯುತ್ತವೆ. ಕರಿದ ಎಣ್ಣೆ, ಪ್ಯಾಡ್, ಡೈಪರ್ ಅಂತೂ ಕಮೋಡಿಗೆ ಹಾಕಲೇಬೇಡಿ.

ತೆಗೆದದ್ದನ್ನು ಎಲ್ಲಿ ಸುರಿಯುತ್ತೀರಿ ಎಂದು ಗಾಡಿಯವರನ್ನು ಕೇಳಿ. ದೇವನಹಳ್ಳಿಯಲ್ಲಿ 2015ರಿಂದಲೇ ಮಲತ್ಯಾಜ್ಯ ಸಂಸ್ಕರಣಾ ಘಟಕವಿದೆ. ಕೆರೆಯಂಗಳಕ್ಕೆ ಸುರಿಯಲು ನೆಪವಿಲ್ಲ.

ಇನ್ನೊಂದು ಮಾತು. ಟ್ಯಾಂಕಿನ ವಿಷಾನಿಲ ಕ್ಷಣದಲ್ಲಿ ಜೀವ ತೆಗೆಯುತ್ತದೆ. ನಾಲ್ಕು ಕಾಸು ಉಳಿಸಲು ಯಾರನ್ನೂ ಒಳಗಿಳಿಸಬೇಡಿ. ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾನೂನಿನ ಪ್ರಕಾರ ಇಳಿಸಿದವರಿಗೆ ಜೈಲಾಗಬಹುದು.