ಬಿ.ಕಾಂ ನಂತರ ದೂರಶಿಕ್ಷಣದ ಎಂಸಿಎ

ಪ್ರಶ್ನೆ: ಇಳಕಲ್ಲಿನಲ್ಲಿ ಸೀರೆ ಅಂಗಡಿಯ ಲೆಕ್ಕ ಬರೆಯುತ್ತೇನೆ. ಬಿ.ಕಾಂ ಆಗಿದೆ. ಇಗ್ನೊ ಎಂಸಿಎಗೆ ಸೇರಬಹುದೇ?

ಉತ್ತರ: ಮೊದಲು ನಿಮ್ಮ ಅಂಕಪಟ್ಟಿ ತೆಗೆಯಿರಿ. ಸೇರಲು ಪಿಯುಸಿ ಅಥವಾ ಪದವಿಯಲ್ಲಿ ಗಣಿತ ಇರಲೇಬೇಕು. ಕಂಪ್ಯೂಟರ್ ಹಿನ್ನೆಲೆ ಇಲ್ಲದ ಕಾರಣ ಎರಡು ಸೇತು ಕೋರ್ಸ್ ಹೆಚ್ಚುವರಿ: ಎಂಸಿಎಸ್ 201 (ಸಿ ಮತ್ತು ಪೈಥಾನ್), ಎಂಸಿಎಸ್ 208 (ಡೇಟಾ ಸ್ಟ್ರಕ್ಚರ್). ಇವನ್ನು ಮುಂದೂಡಬೇಡಿ, ಪ್ರೋಗ್ರಾಮಿಂಗ್ ಕೈಗೆ ಹತ್ತದೆ ಮುಂದಿನ ವಿಷಯಗಳು ತಲೆಗೆ ಹತ್ತುವುದಿಲ್ಲ. ಕೋರ್ಸ್ 2 ವರ್ಷದ್ದಾದರೂ 4 ವರ್ಷದೊಳಗೆ ಮುಗಿಸಬಹುದು. ದೀಪಾವಳಿ, ಮದುವೆ ಸೀಜನ್ನಿನಲ್ಲಿ ಅಂಗಡಿ ಬಿಡಲಾಗದ ನಿಮಗೆ 3 ವರ್ಷದ ಲೆಕ್ಕವೇ ಸರಿ.

ಪ್ರಾಯೋಗಿಕ ತರಗತಿಗೆ ಹಾಜರಾತಿ ಕಡ್ಡಾಯ. ಲ್ಯಾಬ್ ಬಾಗಲಕೋಟೆಯಲ್ಲೋ ವಿಜಯಪುರದಲ್ಲೋ, ಶುಲ್ಕ ಕಟ್ಟುವ ಮೊದಲೇ ವಿಜಯಪುರದ ಇಗ್ನೊ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ. ಪ್ರವೇಶಕ್ಕೆ ಬೇಕಾದ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಐಡಿ, ಡಿಇಬಿ (ದೂರಶಿಕ್ಷಣ ಬ್ಯೂರೋ) ಐಡಿ ಮಾಡಿಸಿಕೊಳ್ಳಿ. ಪದವಿ ಪ್ರಮಾಣಪತ್ರ, ಆಧಾರ್‌ನಲ್ಲಿ ಹೆಸರಿನ ಅಕ್ಷರ ಬೇರೆಬೇರೆ ಇದ್ದರೆ ಈಗಲೇ ಸರಿಪಡಿಸಿ.