ದ್ವೀಪದಲ್ಲಿ ರೂಮು ಹಿಡಿಯುವ ಮುನ್ನ

ಮೂರು ವರ್ಷದ ಹಿಂದೆ, ಡಿಸೆಂಬರಿನಲ್ಲಿ, ನಮ್ಮಕ್ಕ, ಭಾವ ಮತ್ತು ಅವರ ಇಬ್ಬರು ಮಕ್ಕಳು ಲಕ್ಷದ್ವೀಪಕ್ಕೆಂದು ಹೊರಟು ಆಲುವದಲ್ಲಿ ರೈಲಿಳಿದರು. ನೆಡುಂಬಾಶ್ಶೇರಿಯ ಕೊಚ್ಚಿ ವಿಮಾನ ನಿಲ್ದಾಣ ಅಲ್ಲಿಂದ ಹತ್ತಿರ. ಅಗತ್ತಿ ದ್ವೀಪದಲ್ಲಿ ರೂಮು ಬುಕ್ ಆಗಿತ್ತು, ಹಣ ಪೂರ್ತಿ ಕಟ್ಟಿಯಾಗಿತ್ತು, ವಿಮಾನದ ಟಿಕೆಟ್ಟೂ ಕೈಯಲ್ಲಿತ್ತು. ಇಲ್ಲದಿದ್ದದ್ದು ಒಂದೇ, ದ್ವೀಪ ಪ್ರವೇಶದ ಪರ್ಮಿಟ್. ಅಂಥದ್ದೊಂದು ಬೇಕೆಂದು ಅವರಿಗೆ ತಿಳಿದದ್ದೇ ಚೆಕ್‌ಇನ್ ಕೌಂಟರಿನಲ್ಲಿ. ಆಲುವದ ಲಾಡ್ಜೊಂದರಲ್ಲಿ ಎರಡು ರಾತ್ರಿ ಕಳೆದು ಮೈಸೂರಿಗೆ ವಾಪಸ್ಸಾದರು. ಪ್ಯಾಕೇಜು ಮಾರಿದ ಏಜೆಂಟ್ ಫೋನಿನಲ್ಲಿ ಹೇಳಿದ್ದು: “ನಿಮ್ಮ ರೂಮು ಖಾಲಿ ಇಟ್ಟಿದ್ದೆವು ಮೇಡಂ, ನೀವೇ ಬರಲಿಲ್ಲ.”

ಈ ಮಾತು ಕೇಳಿದ ಮೇಲೆ ಬಹಳ ಮಂದಿ ಸುಮ್ಮನಾಗಿಬಿಡುತ್ತಾರೆ. ಸುಮ್ಮನಾಗಬೇಕಿಲ್ಲ ಎಂದು ಹೇಳುವುದಕ್ಕೇ ಈ ಲೇಖನ.

ಬೇರೆ ಊರುಗಳಿಗೆ ಹೋಗುವಾಗ ನಾವು ಮೊದಲು ರೂಮು ನೋಡುತ್ತೇವೆ, ಆಮೇಲೆ ಮಿಕ್ಕದ್ದು. ಲಕ್ಷದ್ವೀಪದಲ್ಲಿ ಆ ಕ್ರಮ ತಲೆಕೆಳಗು. ಒಟ್ಟು 36 ದ್ವೀಪ, ಎಲ್ಲ ಸೇರಿ ಸುಮಾರು 32 ಚದರ ಕಿಲೋಮೀಟರ್ ನೆಲ, ಜನವಸತಿ ಇರುವುದು ಹತ್ತರಲ್ಲಿ ಮಾತ್ರ. ಅಲ್ಲಿನ ಮೂಲನಿವಾಸಿಗಳು ಪರಿಶಿಷ್ಟ ಪಂಗಡದವರು. ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು ಸಂವಿಧಾನದ 19ನೇ ವಿಧಿ ಕೊಟ್ಟಿದೆ. ಆದರೆ ಪರಿಶಿಷ್ಟ ಪಂಗಡಗಳ ಹಿತಕ್ಕಾಗಿ ಆ ಹಕ್ಕಿಗೆ ಸಮಂಜಸ ಮಿತಿ ಹಾಕಬಹುದೆಂದು ಅದೇ ವಿಧಿಯ 5ನೇ ಉಪವಿಧಿ ಹೇಳುತ್ತದೆ. ದ್ವೀಪ ಪ್ರವೇಶ ಮತ್ತು ವಾಸವನ್ನು ನಿರ್ಬಂಧಿಸುವ 1967ರ ನಿಯಮಗಳಂತೆ ಹೊರಗಿನವರು ಪರ್ಮಿಟ್ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಅಮಿನಿ, ಕದಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು 1956ರ ನವೆಂಬರ್ 1ಕ್ಕೆ ಮೊದಲು ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇವತ್ತು ಮಂಗಳೂರಿನವರಿಗೂ ಅಲ್ಲಿಗೆ ಪರ್ಮಿಟ್ ಬೇಕು. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ. ಅಷ್ಟು ಚಿಕ್ಕ ನೆಲ, ಅಷ್ಟೇ ಸಿಹಿನೀರು; ಅಲ್ಲಿನ ಜನಕ್ಕೆ ಈ ರಕ್ಷಣೆ ಬೇಕೇ ಬೇಕು.

ಆದ್ದರಿಂದ ಮೊದಲು ದ್ವೀಪ ಯಾವುದೆಂದು ಗೊತ್ತು ಮಾಡಿಕೊಳ್ಳಿ, ಆಮೇಲೆ ಪರ್ಮಿಟ್, ನಂತರ ಹಡಗೋ ವಿಮಾನವೋ, ಕೊನೆಗೆ ರೂಮು. ಲಕ್ಷದ್ವೀಪ ಆಡಳಿತದ ಪ್ರವಾಸ ಸಂಸ್ಥೆ ‘ಸ್ಪೋರ್ಟ್ಸ್’ನ ಕಚೇರಿ ಕೊಚ್ಚಿಯ ವಿಲ್ಲಿಂಗ್ಡನ್ ದ್ವೀಪದಲ್ಲಿದೆ. ಖಾಸಗಿ ಏಜೆಂಟರ ಮೂಲಕ ಹೋಗುವುದಾದರೆ ಮುಂಗಡ ಕೊಡುವ ಮುಂಚೆ ಮೂರು ಮಾತು ಬರವಣಿಗೆಯಲ್ಲಿ ಬರಲಿ: ಪರ್ಮಿಟ್ ಮಾಡಿಸುವವರು ಯಾರು, ಅದು ಸಿಗದಿದ್ದರೆ ಹಣ ಎಷ್ಟು ವಾಪಸ್, ಹವಾಮಾನ ಕೆಟ್ಟು ಹಡಗು ನಿಂತರೆ ಹೆಚ್ಚಿನ ರಾತ್ರಿಗಳ ಖರ್ಚು ಯಾರದು. ವಾಟ್ಸಾಪಿನಲ್ಲಿ ಬರೆದು ಕೊಟ್ಟರೂ ಸಾಕು, ಆದರೆ ಅಳಿಸಬೇಡಿ. ಇನ್ನೊಂದು ವಿಷಯ, ಬಂಗಾರಂ ಬಿಟ್ಟು ಉಳಿದ ದ್ವೀಪಗಳಲ್ಲಿ ಪಾನನಿಷೇಧವಿದೆ. ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಪರ್ಮಿಟ್ಟಿನ ಗೊಡವೆ ಬೇಡ, ಕೊಚ್ಚಿ ಸುತ್ತಲಿನ ಹಿನ್ನೀರಿನ ದ್ವೀಪಗಳೇ ಸಾಕು ಅನ್ನುವವರೂ ಇದ್ದಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಈ ಕಟ್ಟಡಕ್ಕೆ ಅನುಮತಿ ಇದೆಯೆ? ವೆಂಬನಾಡ್ ಸರೋವರದ ನೆಡಿಯತುರುತ್ತು ದ್ವೀಪದಲ್ಲಿ ಕ್ಯಾಪಿಕೋ ಕಂಪನಿ ಕಟ್ಟಿದ್ದ ವಿಲ್ಲಾಗಳ ರೆಸಾರ್ಟು ಕರಾವಳಿ ನಿಯಂತ್ರಣ ವಲಯದ ಉಲ್ಲಂಘನೆಯೆಂದು ಕೇರಳ ಹೈಕೋರ್ಟ್ 2013ರಲ್ಲಿ ತೀರ್ಪಿತ್ತಿತು. 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2022ರಲ್ಲಿ ಕೆಡವುವ ಕೆಲಸ ಶುರುವಾಯಿತು. ನೀರಿಗೆ ಕಾಲು ಇಳಿಬಿಟ್ಟು ಕೂರುವಂಥ ರೂಮಿನ ಫೋಟೋ ಕಂಡಾಗಲೆಲ್ಲ ನನಗೆ ಆ ದ್ವೀಪ ನೆನಪಾಗುತ್ತದೆ. ಹೋಮ್‌ಸ್ಟೇ ಆದರೆ ಪ್ರವಾಸೋದ್ಯಮ ಇಲಾಖೆಯ ವರ್ಗೀಕರಣದ ಪ್ರಮಾಣಪತ್ರ ತೋರಿಸಿ ಅನ್ನಿ. ಮನೆಯವರೇ ಅಲ್ಲಿ ವಾಸವಿರಬೇಕು, ರೂಮು ಆರಕ್ಕಿಂತ ಹೆಚ್ಚಿರಬಾರದು. ಮಾಲೀಕರು ಬೇರೆಲ್ಲೋ ಇದ್ದು ಕಾವಲುಗಾರ ಬೀಗದ ಕೈ ಕೊಡುವ ಮನೆಗೆ ಹೋಮ್‌ಸ್ಟೇ ಎಂದು ಬೋರ್ಡು ಹಾಕಿದ್ದರೆ ಅನುಮಾನಪಡಿ.

ಆನ್‌ಲೈನಿನಲ್ಲಿ ಬುಕ್ ಮಾಡುವಾಗ ಮೊದಲು ಒಂದು ದರ ತೋರಿಸಿ, ಹಣ ಕಟ್ಟುವ ಪುಟದಲ್ಲಿ ಮತ್ತೊಂದು ಮೊತ್ತ ಬರುತ್ತದಲ್ಲ, 2023ರ ನವೆಂಬರಿನ ಕೇಂದ್ರ ಮಾರ್ಗಸೂಚಿ ಅದನ್ನು ನಿಷೇಧಿಸಿದೆ. ‘ಇನ್ನೊಂದೇ ರೂಮು ಬಾಕಿ’ ಎಂಬ ಸುಳ್ಳು ಅವಸರಕ್ಕೂ ಅದೇ ನಿಷೇಧ. ತಾವು ರದ್ದು ಮಾಡಿದರೆ ಏನನ್ನೂ ತೆರದೆ, ಗ್ರಾಹಕ ರದ್ದು ಮಾಡಿದಾಗ ಮಾತ್ರ ಶುಲ್ಕ ಹಿಡಿಯುವುದಕ್ಕೆ 2020ರ ಇ-ಕಾಮರ್ಸ್ ನಿಯಮಗಳಲ್ಲಿ ಅವಕಾಶವಿಲ್ಲ. ತೆರಿಗೆಯ ಲೆಕ್ಕವೂ ತಿಳಿದಿರಲಿ: 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಜಿಎಸ್‌ಟಿ ಶೇ. 5, ಅದರ ಮೇಲಿನದಕ್ಕೆ ಶೇ. 18.

ರೂಮು ಹಿಡಿಯುವಾಗ ಹೋಟೆಲಿನ ಕೌಂಟರಿನಲ್ಲಿ ಗುರುತಿನ ಚೀಟಿ ಕೇಳುವುದು ಸರಿಯೇ. ಆಧಾರೇ ಆಗಬೇಕೆಂಬ ಹಟ ಮಾತ್ರ ಸಲ್ಲದು. ಚಾಲನಾ ಪರವಾನಗಿ ಅಥವಾ ಮತದಾರರ ಚೀಟಿ ಕೊಡಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲೇ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ತೀರ್ಮಾನವಾಯಿತು. 2018ರಲ್ಲಿ ಖಾಸಗಿ ಸಂಸ್ಥೆಗಳು ಆಧಾರನ್ನು ಒತ್ತಾಯಿಸುವ ದಾರಿಯೂ ಮುಚ್ಚಿತು. ರೂಮಿನಲ್ಲಿ ಗುಪ್ತ ಕ್ಯಾಮೆರಾ ಕಂಡರೆ ಮುಟ್ಟಬೇಡಿ, ಫೋಟೋ ತೆಗೆದು ಪೊಲೀಸರನ್ನು ಕರೆಯಿರಿ. ಹೆಣ್ಣುಮಕ್ಕಳ ಖಾಸಗಿ ಗಳಿಗೆಯನ್ನು ಹೀಗೆ ಚಿತ್ರಿಸಿದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 77ರಂತೆ ಮೊದಲ ಬಾರಿಗೇ ಒಂದರಿಂದ ಮೂರು ವರ್ಷ ಜೈಲು. ಊರಿಗೆ ಬಂದ ಮೇಲೆ ದೂರು ಕೊಟ್ಟರೂ ನಡೆಯುತ್ತದೆ. ಘಟನೆ ನಡೆದ ಜಾಗ ತಮ್ಮ ವ್ಯಾಪ್ತಿಯಲ್ಲಿಲ್ಲ ಎಂಬ ಕಾರಣಕ್ಕೆ ಯಾವ ಠಾಣೆಯೂ ತಿರಸ್ಕರಿಸುವಂತಿಲ್ಲ.

ಈಗ ಅಕ್ಕನ ವಿಷಯಕ್ಕೆ ಬರುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಗ್ರಾಹಕನಿಗೆ ಹೇಳಲೇಬೇಕಾದ ಮಾಹಿತಿಯನ್ನು ಬೇಕೆಂದೇ ಮುಚ್ಚಿಟ್ಟರೆ ಅದೂ ಸೇವಾ ನ್ಯೂನತೆ. ಪರ್ಮಿಟ್ ಬೇಕೆಂಬುದನ್ನು ಹೇಳದೆ ರೂಮು ಮಾರಿದ್ದು ಅದೇ. ಏಜೆಂಟ್ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಚ್ಚಿಗೆ ಅಲೆಯಬೇಕಿಲ್ಲ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು ಎರಡು ವರ್ಷ, ವಕೀಲರು ಕಡ್ಡಾಯವಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಅಕ್ಕ ಬುಕಿಂಗ್ ರಸೀದಿ, ವಾಟ್ಸಾಪ್ ಮಾತುಕತೆ, ಬ್ಯಾಂಕ್ ವಿವರ ಜೋಡಿಸಿ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿದಳು. ಹದಿನೈದು ದಿನದಲ್ಲಿ ಹಣ ಕೊಡದಿದ್ದರೆ ಮೈಸೂರಿನ ಆಯೋಗದಲ್ಲಿ ಭೇಟಿಯಾಗೋಣ ಎಂದು ಕೊನೆಗೆ ಬರೆದಿದ್ದಳು. ಹನ್ನೆರಡನೆಯ ದಿನ ಪ್ಯಾಕೇಜಿನ ಹಣ ಪೂರ್ತಿ ಖಾತೆಗೆ ಬಂತು. ಆಲುವದ ಲಾಡ್ಜಿನ ಎರಡು ರಾತ್ರಿಯ ಬಿಲ್ಲನ್ನು ಭಾವ ಎಸೆದುಬಿಟ್ಟಿದ್ದರಿಂದ ಆ ಖರ್ಚನ್ನು ನೋಟಿಸಿನಲ್ಲಿ ಸೇರಿಸಲಾಗಲಿಲ್ಲ.