ಹಳೆಯ ಬಿಬಿಸಿ ಮೈಕ್ರೋಗೆ ಹೊಸ ಹಾರ್ಡ್‌ವೇರ್: ಗೆಲುವಿನ ಹತ್ತು ಸೂತ್ರಗಳು

ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ 1981ರ ಡಿಸೆಂಬರಿನಲ್ಲಿ ಹೊರತಂದ ಬಿಬಿಸಿ ಮೈಕ್ರೋ, ಬ್ರಿಟನ್ನಿನ ಒಂದಿಡೀ ತಲೆಮಾರಿಗೆ ಕಂಪ್ಯೂಟರ್ ಕಲಿಸಿದ ಯಂತ್ರ. 1984ರಲ್ಲಿ ಶುರುವಾದ ‘ಕ್ಲಾಸ್’ ಯೋಜನೆಯ ಮೂಲಕ ಅದು ನಮ್ಮ ದೇಶದ ಶಾಲೆಗಳಿಗೂ ಬಂತು. 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕೆಬಿ ರ‍್ಯಾಮ್: ಅದರ ಬಂಡವಾಳ ಇಷ್ಟೇ. ಆದರೆ ಅದರ ತಳದಲ್ಲಿ ಸಾಲಾಗಿ ಕನೆಕ್ಟರ್‌ಗಳಿವೆ. ಅವುಗಳಿಗಾಗಿಯೇ ಇವತ್ತಿಗೂ ಜನ ಹೊಸ ಹಾರ್ಡ್‌ವೇರ್ ಕಟ್ಟುತ್ತಿದ್ದಾರೆ. ಈ ಕೆಲಸದಲ್ಲಿ ಗೆಲ್ಲುವವರು ಒಂದು ಮಾತನ್ನು ಮರೆಯುವುದಿಲ್ಲ: ಹೊಸದು ಹಳೆಯದರ ನಿಯಮಕ್ಕೆ ಬಗ್ಗಿ ನಡೆಯಬೇಕು.

1. ಮೊದಲು ಪವರ್ ಸಪ್ಲೈ, ಆಮೇಲೆ ಮಿಕ್ಕಿದ್ದು.
ಆಸ್ಟೆಕ್ ಸಪ್ಲೈ ಇರುವ ಯಂತ್ರವನ್ನು ಅಟ್ಟದಿಂದ ಇಳಿಸಿದ ಕೂಡಲೇ ಪ್ಲಗ್ ಹಾಕಬೇಡಿ. ಕರೆಂಟ್ ಒಳಬರುವ ಕಡೆ ಇರುವ ರೀಫಾ ಕೆಪಾಸಿಟರ್‌ಗಳ ಹೊದಿಕೆ ವರ್ಷ ಕಳೆದಂತೆ ಬಿರುಕು ಬಿಡುತ್ತದೆ, ಒಳಗಿನ ಕಾಗದ ತೇವ ಹೀರುತ್ತದೆ. ಸ್ವಿಚ್ ಹಾಕಿದ ಸ್ವಲ್ಪ ಹೊತ್ತಿಗೆ ಅವು ಸಿಡಿದು ಕೋಣೆ ತುಂಬ ಹೊಗೆಯಾಗುತ್ತದೆ. ಅವುಗಳ ಜಾಗಕ್ಕೆ ಎಕ್ಸ್2 ದರ್ಜೆಯ ಕೆಪಾಸಿಟರನ್ನೇ ಹಾಕಿ, ಸಾಧಾರಣದ್ದು ಸಲ್ಲದು. ಎಚ್ಚರವಿರಲಿ, ಪ್ಲಗ್ ಕಿತ್ತ ಮೇಲೂ ಸಪ್ಲೈ ಒಳಗೆ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದು. ಕೈ ಪಳಗಿಲ್ಲದಿದ್ದರೆ ಬಲ್ಲವರಿಂದ ಮಾಡಿಸಿ. ಕೊನೆಗೆ ಬೋರ್ಡಿನ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ: 4.75ರಿಂದ 5.25 ವೋಲ್ಟ್ ಒಳಗಿದ್ದರೆ ಮುಂದಿನ ಹೆಜ್ಜೆ.

2. ಸೋಲ್ಡರಿಂಗ್ ಕಡ್ಡಿಗಿಂತ ಮೊದಲು ಕೈಪಿಡಿ ಹಿಡಿಯಿರಿ.
ಈ ಯಂತ್ರದ ಸರ್ವಿಸ್ ಮ್ಯಾನುವಲ್‌ನಲ್ಲಿ ಸರ್ಕಿಟ್ ನಕ್ಷೆ ಇದೆ. 1983ರ ‘ಅಡ್ವಾನ್ಸ್ಡ್ ಯೂಸರ್ ಗೈಡ್’ನಲ್ಲಿ ಪೋರ್ಟ್‌ಗಳ ವಿಳಾಸ, ಪಿನ್‌ಗಳ ವಿವರ ಎಲ್ಲವೂ ಸಿಗುತ್ತದೆ. ಸರಳ ಇನ್‌ಪುಟ್-ಔಟ್‌ಪುಟ್‌ಗೆ ಯೂಸರ್ ಪೋರ್ಟ್, ವಿಳಾಸ ಬೇಕಿರುವ ಸಾಧನಕ್ಕೆ 1 ಮೆಗಾಹರ್ಟ್ಸ್ ಬಸ್, ಎರಡನೇ ಪ್ರೊಸೆಸರಿಗೆ ಟ್ಯೂಬ್. ನಿಮ್ಮ ಯೋಜನೆ ಯಾವ ಬಾಗಿಲಿನದು ಎಂದು ಕಾಗದದ ಮೇಲೆಯೇ ತೀರ್ಮಾನಿಸಿ.

3. ಕತ್ತರಿಸಬೇಡಿ, ಸಿಕ್ಕಿಸಿ.
ಬೋರ್ಡಿನ ಗೆರೆ ಕೊಯ್ಯುವ ಅಪ್‌ಗ್ರೇಡ್ ಎಷ್ಟೇ ಚೆನ್ನಾಗಿದ್ದರೂ ಎರಡನೇ ದರ್ಜೆಯದು. ಸಾಕೆಟ್, ಕನೆಕ್ಟರ್, ಕ್ಲಿಪ್ ಇವುಗಳಲ್ಲೇ ಕೆಲಸ ಮುಗಿಸಿ. ರಿಬ್ಬನ್ ಕೇಬಲ್‌ನ ಕೆಂಪು ಗೆರೆ ಒಂದನೇ ಪಿನ್ ಕಡೆಗೇ ಇದೆಯೇ ಎಂದು ಎರಡು ಸಲ ನೋಡಿ. ಕನೆಕ್ಟರ್‌ಗಳು ತಳದಲ್ಲಿರುವುದರಿಂದ ಯಂತ್ರ ಮಗುಚಿದಾಗ ಎಡ-ಬಲ ಅದಲುಬದಲಾಗಿ ಮೋಸಹೋಗುವುದು ಸುಲಭ. ಐಡಿಸಿ ಕನೆಕ್ಟರ್, ಸಾಕೆಟ್‌ನಂಥ ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರೋಡ್ ಸಾಕು.

4. 5 ವೋಲ್ಟಿಗೂ 3.3 ವೋಲ್ಟಿಗೂ ನಡುವೆ ದಲ್ಲಾಳಿ ಇರಲಿ.
ಬಿಬಿಸಿ ಮೈಕ್ರೋ ಮಾತಾಡುವುದು 5 ವೋಲ್ಟಿನಲ್ಲಿ. ರಾಸ್ಪ್‌ಬೆರಿ ಪೈ, ಎಸ್‌ಡಿ ಕಾರ್ಡ್ ಎರಡೂ 3.3 ವೋಲ್ಟಿನವು. ಹೊಸದರಿಂದ ಹಳೆಯದಕ್ಕೆ ಹೋಗುವ ಸಂಕೇತಕ್ಕೆ ಸಾಮಾನ್ಯವಾಗಿ ತೊಂದರೆಯಿಲ್ಲ, ಏಕೆಂದರೆ ಟಿಟಿಎಲ್ ಚಿಪ್ 2 ವೋಲ್ಟ್ ದಾಟಿದ್ದನ್ನೆಲ್ಲ ‘1’ ಎಂದೇ ಓದುತ್ತದೆ. ಅಪಾಯ ಇರುವುದು ಎದುರು ದಿಕ್ಕಿನಲ್ಲಿ. ಪೈನ ಪಿನ್‌ಗೆ ನೇರ 5 ವೋಲ್ಟ್ ತಗುಲಿದರೆ ಅದು ಸುಟ್ಟಂತೆಯೇ. 3.3 ವೋಲ್ಟಿನಲ್ಲಿ ನಡೆದರೂ 5 ವೋಲ್ಟನ್ನು ತಾಳಿಕೊಳ್ಳುವ 74ಎಲ್‌ವಿಸಿ245ನಂಥ ಬಫರ್ ಚಿಪ್ ನಡುವೆ ಇರಲಿ.

5. ಗಡಿಯಾರಕ್ಕೆ ತಲೆಬಾಗಿ.
ಹೊಸ ಚಿಪ್ ವೇಗದ್ದು ಎಂದ ಮಾತ್ರಕ್ಕೆ ಸರಿಯಾದ ಹೊತ್ತಿಗೆ ಉತ್ತರ ಕೊಡುತ್ತದೆ ಎಂದೇನಿಲ್ಲ. 2 ಮೆಗಾಹರ್ಟ್ಸ್ ಎಂದರೆ ಒಂದು ಸುತ್ತಿಗೆ 500 ನ್ಯಾನೋಸೆಕೆಂಡ್. ಅಷ್ಟರೊಳಗೆ ಡೇಟಾ ಬಸ್ ಮೇಲಿರಬೇಕು. 1 ಮೆಗಾಹರ್ಟ್ಸ್ ಬಸ್ ಮುಟ್ಟಿದಾಗ ಪ್ರೊಸೆಸರ್ ತನ್ನ ಸುತ್ತನ್ನೇ ಹಿಗ್ಗಿಸಿಕೊಳ್ಳುತ್ತದೆ. ಆ ಹೊಂದಾಣಿಕೆಯ ನಡುವೆ ವಿಳಾಸದ ಗೆರೆಗಳಲ್ಲಿ ಸುಳ್ಳು ಮಿಡಿತಗಳು ನುಸುಳುತ್ತವೆ. ಅವನ್ನು ಸೋಸುವ ‘ಕ್ಲೀನ್-ಅಪ್’ ಸರ್ಕಿಟ್ಟನ್ನು ಏಕಾರ್ನ್ ಸ್ವತಃ ಸೂಚಿಸಿತ್ತು. ಅದನ್ನು ಬಿಟ್ಟರೆ ಹತ್ತರಲ್ಲಿ ಒಂಬತ್ತು ಸಲ ಓಡಿ ಒಂದು ಸಲ ಕೈಕೊಡುವ ಬೋರ್ಡ್ ನಿಮ್ಮದಾಗುತ್ತದೆ. 24 ಮೆಗಾಹರ್ಟ್ಸ್‌ನ ಅಗ್ಗದ ಯುಎಸ್‌ಬಿ ಲಾಜಿಕ್ ಅನಲೈಸರ್ ಒಂದಿದ್ದರೆ ಪ್ರತಿ ಸುತ್ತಿಗೆ 12 ಮಾದರಿ ಸಿಗುತ್ತವೆ. ಊಹೆಗಿಂತ ಅದು ಮೇಲು.

6. ಮೊದಲ ಗೆಲುವು ಸ್ಟೋರೇಜಿನಲ್ಲಿ ಸಿಗಲಿ.
ಯೂಸರ್ ಪೋರ್ಟಿಗೆ ಎಸ್‌ಡಿ ಕಾರ್ಡ್ ಅಡಾಪ್ಟರ್, ಒಳಗೆ ಆ ಕಾರ್ಡನ್ನು ಡಿಸ್ಕಿನಂತೆ ಓದಿಸುವ ಎಂಎಂಎಫ್‌ಎಸ್ ರೋಮ್: ಇಷ್ಟಕ್ಕೆ ಒಂದೇ ಫೈಲಿನಲ್ಲಿ 511 ಡಿಸ್ಕ್‌ಗಳು ಕೂರುತ್ತವೆ. ಇದಕ್ಕೆ ಡಿಸ್ಕ್ ಇಂಟರ್‌ಫೇಸ್ ಬೇಡ. ನಿಮ್ಮ ಯಂತ್ರದಲ್ಲಿ ಆ ಇಂಟರ್‌ಫೇಸ್ ಇದ್ದರೆ ಗೋಟೆಕ್ ಡ್ರೈವ್‌ಗೆ ಫ್ಲ್ಯಾಶ್‌ಫ್ಲಾಪಿ ಫರ್ಮ್‌ವೇರ್ ಹಾಕಿ, ಪೆನ್‌ಡ್ರೈವನ್ನೇ ಫ್ಲಾಪಿಯಂತೆ ಬಳಸಬಹುದು.

7. ಕಳುವಾದ ಮೆಮೊರಿಯನ್ನು ವಾಪಸ್ ಪಡೆಯಿರಿ.
ಹೊಸಬರು ಮುಗ್ಗರಿಸುವುದು ಇಲ್ಲಿ. ಡಿಸ್ಕ್ ವ್ಯವಸ್ಥೆ ಬಂದೊಡನೆ ಬೇಸಿಕ್ ಪ್ರೋಗ್ರಾಂ ಶುರುವಾಗುವ ಜಾಗ 3584ರಿಂದ 6400ಕ್ಕೆ ಜರುಗುತ್ತದೆ. 2816 ಬೈಟ್ ಹೋಯಿತು. ಕ್ಯಾಸೆಟ್ಟಿಗೆಂದು ಬರೆದ ದೊಡ್ಡ ಆಟಗಳು ನಿಂತವು. ಇದಕ್ಕೆ ಮದ್ದು ಸೈಡ್‌ವೇಸ್ ರ‍್ಯಾಮ್. ರೋಮ್ ಸಾಕೆಟ್ಟಿನಲ್ಲಿ ಸ್ಟ್ಯಾಟಿಕ್ ರ‍್ಯಾಮ್ ಚಿಪ್ ಕೂರಿಸಿ, ಬರೆಯುವ ಸಂಕೇತವೊಂದನ್ನು ಕ್ಲಿಪ್ ಹಾಕಿ ತಂದರೆ ಆಯಿತು. ರ‍್ಯಾಮ್‌ನಲ್ಲೇ ನೆಲೆಸುವ ಎಂಎಂಎಫ್‌ಎಸ್ ಆವೃತ್ತಿ ಹಾಕಿದರೆ 3584 ಮರಳಿ ಬರುತ್ತದೆ. ಬರಹ ತಡೆಯುವ ಸ್ವಿಚ್ ಒಂದನ್ನೂ ಇಡಿ.

8. ಚಿತ್ರವನ್ನು ಮೂಲದಲ್ಲೇ ಹಿಡಿಯಿರಿ.
ಯಂತ್ರದ ಆರ್‌ಜಿಬಿ ಸಂಕೇತ 15.625 ಕಿಲೋಹರ್ಟ್ಸ್‌ನದು, ಇಂದಿನ ಬಹುತೇಕ ಮಾನಿಟರ್‌ಗಳು ಅದನ್ನು ಒಪ್ಪುವುದಿಲ್ಲ. ಅಗ್ಗದ ಕಾಂಪೋಸಿಟ್ ಪರಿವರ್ತಕದಲ್ಲಿ 80 ಕಾಲಂ ಅಕ್ಷರಗಳು ಮಸುಕಾಗುತ್ತವೆ. ಪೈ ಝೀರೋ ಮೇಲೆ ಓಡುವ ‘ಆರ್‌ಜಿಬಿ-ಟು-ಎಚ್‌ಡಿಎಂಐ’ ಡಿಜಿಟಲ್ ಆರ್‌ಜಿಬಿಯನ್ನು ಪಿಕ್ಸೆಲ್ ಪಿಕ್ಸೆಲ್ಲಾಗಿ ಓದುತ್ತದೆ, ಅಂಚು ಚೂಪಾಗಿಯೇ ಉಳಿಯುತ್ತದೆ.

9. ವೇಗ ಬೇಕಿದ್ದರೆ ಟ್ಯೂಬ್ ಮೂಲಕವೇ ತನ್ನಿ.
ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ವಿನ್ಯಾಸಗೊಳಿಸಿದ ಮೊದಲ ಆರ್ಮ್ ಚಿಪ್ 1985ರ ಏಪ್ರಿಲ್ 26ರಂದು ಜೀವ ತಳೆಯಿತು. ಬಿಬಿಸಿ ಮೈಕ್ರೋಗೆ ಅದನ್ನು ಜೋಡಿಸಿದ್ದು ಇದೇ ಟ್ಯೂಬಿನಲ್ಲಿ, ಎರಡನೇ ಪ್ರೊಸೆಸರಾಗಿ. ರಾಸ್ಪ್‌ಬೆರಿ ಪೈನ ಹೃದಯವೂ ಆರ್ಮ್ ವಂಶದ್ದೇ. ‘ಪೈಟ್ಯೂಬ್‌ಡೈರೆಕ್ಟ್’ ತಂತ್ರಾಂಶ ಹಾಕಿದ ಪೈ ಝೀರೋವನ್ನು, ನಡುವೆ ಬಫರ್ ಇಟ್ಟು, ಟ್ಯೂಬಿಗೆ ಸಿಕ್ಕಿಸಿದರೆ ಅದು 6502, ಝಡ್80, ಆರ್ಮ್ ಹೀಗೆ ಬೇಕಾದ ವೇಷ ಹಾಕುತ್ತದೆ. 6502 ವೇಷದಲ್ಲಿ ಹೈ-ಬೇಸಿಕ್ ಓಡಿಸಿದರೆ ಪ್ರೋಗ್ರಾಮಿಗೆ 44 ಕೆಬಿ ಜಾಗ. ಇಲ್ಲಿ ಲಿನಕ್ಸ್ ಇಲ್ಲ. ನ್ಯಾನೋಸೆಕೆಂಡುಗಳ ಲೆಕ್ಕಕ್ಕೆ ಆಪರೇಟಿಂಗ್ ಸಿಸ್ಟಂ ಅಡ್ಡಿ ಎಂದು ಪ್ರೋಗ್ರಾಂ ನೇರ ಹಾರ್ಡ್‌ವೇರ್ ಮೇಲೆಯೇ ಓಡುತ್ತದೆ. ಟ್ಯೂಬ್ ಹೋಸ್ಟ್ ಕೋಡ್ ಇರುವ ರೋಮ್ ಯಂತ್ರದಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಪೈ ಸುಮ್ಮನೆ ಬಿಸಿಯಾಗುತ್ತಾ ಕೂರುತ್ತದೆ.

10. ಕೊನೆಗೆ ಎಲ್ಲವನ್ನೂ ಕಿತ್ತು ನೋಡಿ.
ಒಮ್ಮೆಗೆ ಒಂದೇ ಅಪ್‌ಗ್ರೇಡ್ ಸೇರಿಸಿ, ಪ್ರತಿ ಸಲವೂ ಪರೀಕ್ಷಿಸಿ. ಯಾವ ಜಂಪರ್ ಎಲ್ಲಿತ್ತು, ಯಾವ ರೋಮ್ ಯಾವ ಸಾಕೆಟ್ಟಿನಲ್ಲಿತ್ತು ಎಂಬುದನ್ನು ಫೋಟೋ ಸಮೇತ ಬರೆದಿಡಿ. ನಕ್ಷೆಯನ್ನು ಬೇರೆಯವರಿಗೂ ಕೊಡಿ; ಎಂಎಂಎಫ್‌ಎಸ್, ಪೈಟ್ಯೂಬ್‌ಡೈರೆಕ್ಟ್‌ನಂಥವು ನಿಮಗೆ ಸಿಕ್ಕಿದ್ದು ಯಾರೋ ಹಾಗೆ ಕೊಟ್ಟಿದ್ದಕ್ಕೇ. ಎಲ್ಲ ಮುಗಿದ ಮೇಲೆ ಸೇರಿಸಿದ್ದನ್ನೆಲ್ಲ ಬಿಚ್ಚಿ, ಮೂಲ ಚಿಪ್‌ಗಳನ್ನು ಅವುಗಳ ಜಾಗಕ್ಕೆ ಕೂರಿಸಿ ಸ್ವಿಚ್ ಹಾಕಿ. ಪರಿಚಿತ ಬೀಪ್ ಕೇಳಿ, ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡಿತೇ? ನೀವು ಪಾಸು. ಮೂಡಲಿಲ್ಲವೇ? ಮೂರನೇ ಸೂತ್ರ ಮತ್ತೊಮ್ಮೆ ಓದಿ, ಎಲ್ಲಿ ಏನು ಕತ್ತರಿಸಿದ್ದೀರೋ ಹುಡುಕಿ.